ಕಾಲಿಂದ ಮೇಲೇರುವ ಸುಸ್ತು: ಜಿಬಿಎಸ್ ಬಗ್ಗೆ ನಾವು ಕಲಿತದ್ದು

ಹೋದ ವರ್ಷ ಎರಡನೇ ಇಂಟರ್ನಲ್ಸ್ ಮುಗಿದ ವಾರದ ಮಾತು. ಹಾಸ್ಟೆಲ್‌ನ ಒಂದೇ ರೂಮಿನಲ್ಲಿ ನಾವು ನಾಲ್ಕು ಜನ. ಅದರಲ್ಲಿ ಒಬ್ಬನ ಕಥೆ ಇದು. ಬರೀತಿರೋದು ಉಳಿದ ಮೂವರು. ಅವನನ್ನು ಕೇಳಿಯೇ ಬರೆಯುತ್ತಿದ್ದೇವೆ, ಹೆಸರು ಮಾತ್ರ ಬೇಡ ಅಂದಿದ್ದಾನೆ.

ಸೋಮವಾರ ಬೆಳಿಗ್ಗೆ ಎದ್ದವನೇ, "ಮಗಾ, ಪಾದ ಎರಡೂ ಜೋಮು ಹಿಡಿದಂಗೆ ಆಗ್ತಿದೆ ಕಣೋ" ಅಂದ. "ನಿನ್ನೆ ಜಿಮ್‌ನಲ್ಲಿ ಲೆಗ್ ಡೇ ಅಲ್ವಾ, ಅದಕ್ಕೇ ಇರಬೇಕು" ಅಂದು ನಾವು ಕ್ಲಾಸಿಗೆ ಹೋದೆವು. ಮಂಗಳವಾರ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಂಡ. ನಡೆಯುವಾಗ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿಯುತ್ತಿತ್ತು, ಅವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನಾವು ನಕ್ಕೆವು. "ಗ್ಲೂಕೋಸ್ ಕುಡಿದು ಮಲಕ್ಕೋ, ಸರಿ ಹೋಗುತ್ತೆ" ಅಂದೆವು. ಬುಧವಾರ ನೆಲದ ಮೇಲೆ ಕೂತವನಿಗೆ ಏಳಲು ಆಗಲಿಲ್ಲ. ಸಂಜೆ ಹೊತ್ತಿಗೆ ನೀರಿನ ಬಾಟಲಿ ಮುಚ್ಚಳ ತಿರುಗಿಸುವ ಶಕ್ತಿಯೂ ಕೈಯಲ್ಲಿ ಇರಲಿಲ್ಲ. ಆಗ ನಮಗೆ ಭಯ ಹತ್ತಿತು. ವಾರ್ಡನ್ ಸರ್ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ಅಲ್ಲಿನ ಡಾಕ್ಟರ್ ಮಾಡಿದ್ದು ಮೂರೇ ಕೆಲಸ. ಮೊದಲು ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲುಗಾಡಲೇ ಇಲ್ಲ. ಎರಡನೆಯದಾಗಿ, "ಇತ್ತೀಚೆಗೆ ಜ್ವರ, ಬೇಧಿ ಏನಾದ್ರೂ ಆಗಿತ್ತಾ?" ಅಂತ ಕೇಳಿದರು. ಹತ್ತು ದಿನದ ಹಿಂದೆ ಟ್ರಿಪ್‌ಗೆ ಹೋಗಿ ಬಂದ ಮೇಲೆ ಎರಡು ದಿನ ಬೇಧಿ ಆಗಿತ್ತು, ನಿಂತೂ ಹೋಗಿತ್ತು. ಮೂರನೆಯದಾಗಿ, "ಜೋರಾಗಿ ಉಸಿರು ಎಳ್ಕೊಂಡು ಒಂದೇ ಉಸಿರಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸಪ್ಪಾ" ಅಂದರು. ಅವನು 24ರ ತನಕ ಎಣಿಸಿದ. ನಾಲ್ಕು ಗಂಟೆ ಬಿಟ್ಟು ಮತ್ತೆ ಎಣಿಸಿದಾಗ 17ಕ್ಕೇ ಉಸಿರು ಮುಗಿಯಿತು. ಕೂಡಲೇ ಐಸಿಯುಗೆ ಕರೆದುಕೊಂಡು ಹೋದರು.

ಕಾಯಿಲೆಯ ಹೆಸರು ಗಿಯಾನ್-ಬಾರೇ ಸಿಂಡ್ರೋಮ್. ಫ್ರೆಂಚ್ ಹೆಸರಾದ್ದರಿಂದ ಪತ್ರಿಕೆಗಳಲ್ಲಿ ಒಂದೊಂದು ಕಡೆ ಒಂದೊಂದು ತರಹ ಬರೆಯುತ್ತಾರೆ. ಎಲ್ಲರೂ ಸುಲಭವಾಗಿ ಜಿಬಿಎಸ್ ಅನ್ನುತ್ತಾರೆ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ನಾವು ಓದಲು ಶುರು ಮಾಡಿದ್ದು, ಆಮೇಲೆ ಡಾಕ್ಟರನ್ನು ಕೇಳಿ ತಿದ್ದಿಕೊಂಡದ್ದು ಎಲ್ಲಾ ಇಲ್ಲಿದೆ. ಇಂಜಿನಿಯರಿಂಗ್ ಹುಡುಗರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳುತ್ತೇವೆ.

ವೈರಿಂಗ್ ಮೊದಲು ನೋಡೋಣ

ನಮ್ಮ ನರಮಂಡಲದಲ್ಲಿ ಎರಡು ಭಾಗ. ಮೆದುಳು ಮತ್ತು ಬೆನ್ನುಹುರಿ ಸೇರಿ ಕೇಂದ್ರ ನರಮಂಡಲ. ಅಲ್ಲಿಂದ ಹೊರಟು ಕೈ, ಕಾಲು, ಮುಖ, ಉಸಿರಾಟದ ಸ್ನಾಯುಗಳಿಗೆಲ್ಲ ಹೋಗುವ ನರಗಳು ಹೊರಭಾಗದ ನರಗಳು. ಕಂಟ್ರೋಲ್ ರೂಮ್ ಒಂದು ಕಡೆ, ಅಲ್ಲಿಂದ ಮೋಟಾರು, ಸೆನ್ಸರುಗಳಿಗೆ ಎಳೆದ ಕೇಬಲ್ ಇನ್ನೊಂದು ಕಡೆ ಅಂದುಕೊಳ್ಳಿ. ಜಿಬಿಎಸ್‌ನಲ್ಲಿ ಕಂಟ್ರೋಲ್ ರೂಮ್ ಸರಿಯಾಗೇ ಇರುತ್ತದೆ, ಕೆಡುವುದು ಕೇಬಲ್. ಅದಕ್ಕೇ ನಮ್ಮ ಗೆಳೆಯನಿಗೆ ಕೈಕಾಲು ಎತ್ತಲು ಆಗದಿದ್ದರೂ ಬುದ್ಧಿ, ನೆನಪು ಎಲ್ಲಾ ಚೊಕ್ಕವಾಗೇ ಇತ್ತು. ಅದೇ ಇನ್ನೂ ಹಿಂಸೆ ಅಂತ ಆಮೇಲೆ ಹೇಳಿದ.

ಒಂದು ನರದೊಳಗೆ ಸಾವಿರಾರು ಎಳೆಗಳು. ಒಂದೊಂದು ಎಳೆಗೂ ಆಕ್ಸಾನ್ ಅಂತ ಹೆಸರು. ದಪ್ಪ ಆಕ್ಸಾನ್‌ಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿರುತ್ತದೆ. ಹೊರಭಾಗದ ನರಗಳಲ್ಲಿ ಇದನ್ನು ಸುತ್ತುವುದು ಶ್ವಾನ್ ಕೋಶಗಳು. ಟೇಪ್ ಸುತ್ತಿದ ಹಾಗೆ ಒಂದರ ಮೇಲೊಂದು ಪದರ. ಈ ಹೊದಿಕೆ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಸುಮಾರು ಒಂದು ಮಿಲಿಮೀಟರಿಗೆ ಒಮ್ಮೆ ಚಿಕ್ಕ ಸಂದು ಬರುತ್ತದೆ. ಅದಕ್ಕೆ ರಾನ್ವಿಯೇ ಗಂಟು ಅನ್ನುತ್ತಾರೆ. ಸಿಗ್ನಲ್ ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಹಾರುತ್ತಾ ಹೋಗುತ್ತದೆ. ಪ್ರತಿ ಗಂಟಿನಲ್ಲೂ ಅಯಾನುಗಳು ಒಳಹೊರಗೆ ಹರಿದು ಸಿಗ್ನಲ್ ಮತ್ತೆ ಪೂರ್ತಿ ಎತ್ತರಕ್ಕೆ ಏರುತ್ತದೆ. ಸಂವಹನ ಲೈನಿನ ಉದ್ದಕ್ಕೂ ರಿಪೀಟರ್ ಕೂರಿಸಿದ ಹಾಗೇ.

ಹೊದಿಕೆ ಯಾಕೆ ಬೇಕು? ಇಲ್ಲಿ ನೆಟ್‌ವರ್ಕ್ ಅನಾಲಿಸಿಸ್ ಕೆಲಸಕ್ಕೆ ಬರುತ್ತದೆ. ಕೋಶದ ಪೊರೆ ಅಂದರೆ ಒಂದು ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ ಒಂದು ಕೆಪ್ಯಾಸಿಟರ್. 100 ಪದರ ಸುತ್ತಿದೆ ಅಂದುಕೊಳ್ಳಿ. ಇವೆಲ್ಲ ಸರಣಿಯಲ್ಲಿ ಬಂದ ಹಾಗಾಯಿತು. ರೆಸಿಸ್ಟೆನ್ಸ್ 100 ಪಟ್ಟು ಏರುತ್ತದೆ, ಕೆಪ್ಯಾಸಿಟೆನ್ಸ್ 100ನೇ ಒಂದು ಭಾಗಕ್ಕೆ ಇಳಿಯುತ್ತದೆ. ಕರೆಂಟು ದಾರಿಯಲ್ಲಿ ಸೋರುವುದು ಕಡಿಮೆ, ಚಾರ್ಜ್ ಮಾಡಲು ಬೇಕಾದ ಕರೆಂಟೂ ಕಡಿಮೆ. ಸಿಗ್ನಲ್ ಕುಗ್ಗುವ ಮುಂಚೆ ಎಷ್ಟು ದೂರ ಹೋಗಬಲ್ಲದು ಎಂಬ ಲೆಕ್ಕ ಪೊರೆಯ ರೆಸಿಸ್ಟೆನ್ಸಿನ ವರ್ಗಮೂಲದ ಜೊತೆ ಏರುತ್ತದೆ. ಅಂದರೆ ಈ ಲೆಕ್ಕದಲ್ಲಿ 10 ಪಟ್ಟು ದೂರ.

ಪರಿಣಾಮ ನೋಡಿ. ಹೊದಿಕೆ ಇಲ್ಲದ ತೆಳು ನರದ ಎಳೆಯಲ್ಲಿ ಸಿಗ್ನಲ್ ಸೆಕೆಂಡಿಗೆ ಸುಮಾರು 1 ಮೀಟರ್ ಹೋಗುತ್ತದೆ. ಒಳ್ಳೆ ಹೊದಿಕೆಯಿರುವ ಎಳೆಯಲ್ಲಿ ಸೆಕೆಂಡಿಗೆ 50 ಮೀಟರ್ ಆಸುಪಾಸು. ಸೊಂಟದಿಂದ ಪಾದಕ್ಕೆ ಒಂದು ಮೀಟರ್ ಅಂದುಕೊಂಡರೆ, ಮೊದಲನೆಯದಕ್ಕೆ ಒಂದು ಪೂರಾ ಸೆಕೆಂಡು, ಎರಡನೆಯದಕ್ಕೆ 20 ಮಿಲಿಸೆಕೆಂಡು. ಕಾಲಿಟ್ಟ ಕಲ್ಲು ಅಲುಗಾಡಿದ್ದು ಒಂದು ಸೆಕೆಂಡು ಕಳೆದು ಗೊತ್ತಾದರೆ ನಾವು ಅಷ್ಟೊತ್ತಿಗೆ ನೆಲದ ಮೇಲಿರುತ್ತೇವೆ.

ಕಾವಲುಗಾರನೇ ಮನೆಯವರನ್ನು ಹೊಡೆದಾಗ

ಈ ಹೊದಿಕೆಯನ್ನು ಹಾಳು ಮಾಡುವವರು ಯಾರು? ನಮ್ಮದೇ ರೋಗನಿರೋಧಕ ವ್ಯವಸ್ಥೆ. ಇಂಥ ಕಾಯಿಲೆಗಳಿಗೆ ಆಟೋಇಮ್ಯೂನ್ ಕಾಯಿಲೆ ಎಂದು ಹೆಸರು.

ಜಿಬಿಎಸ್ ಬಂದವರಲ್ಲಿ ಸುಮಾರು ಮೂರನೇ ಎರಡು ಭಾಗದವರಿಗೆ ಅದರ ಹಿಂದಿನ ಆರು ವಾರಗಳೊಳಗೆ ಬೇಧಿಯೋ, ನೆಗಡಿ ಜ್ವರವೋ ಬಂದು ಹೋಗಿರುತ್ತದೆ. ಬೇಧಿ ತರುವ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಇದರಲ್ಲಿ ಮುಖ್ಯವಾದದ್ದು. ಸರಿಯಾಗಿ ಬೇಯದ ಕೋಳಿ ಮಾಂಸ, ಕಾಯಿಸದ ಹಾಲು, ಶುದ್ಧ ಮಾಡದ ನೀರು ಇದರ ದಾರಿಗಳು. ಈ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಕೆಲವು ಸಕ್ಕರೆ ಸರಪಳಿಗಳು ನಮ್ಮ ನರಗಳ ಮೇಲಿರುವ ಗ್ಯಾಂಗ್ಲಿಯೋಸೈಡ್ ಎಂಬ ಅಣುಗಳನ್ನು ಬಹುತೇಕ ಹೋಲುತ್ತವೆ. ದೇಹ ಬ್ಯಾಕ್ಟೀರಿಯಾ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಬ್ಯಾಕ್ಟೀರಿಯಾ ಸತ್ತ ಮೇಲೂ ಆ ಪ್ರತಿಕಾಯಗಳು ರಕ್ತದಲ್ಲಿ ತಿರುಗುತ್ತಾ, ನರಗಳ ಮೇಲಿನ ಅದೇ ಆಕಾರ ಕಂಡಾಗ "ಕಳ್ಳ ಇಲ್ಲೂ ಇದ್ದಾನೆ" ಎಂದು ಅಂಟಿಕೊಳ್ಳುತ್ತವೆ. ಪ್ಯಾಟರ್ನ್ ಮ್ಯಾಚಿಂಗ್ ಸರಿಯಾಗೇ ನಡೆದಿದೆ, ಆದರೆ ಎರಡು ಬೇರೆ ವಸ್ತುಗಳಿಗೆ ಒಂದೇ ಗುರುತು ಇತ್ತು. ಹ್ಯಾಶ್ ಕೊಲಿಷನ್ ಅಂದ್ರೆ ನಿಮಗೆ ಬೇಗ ಹೊಳೆಯುತ್ತೆ.

ಹಾನಿ ಎರಡು ತರಹ. ಒಂದರಲ್ಲಿ ಮಯಲಿನ್ ಹೊದಿಕೆ ಕಿತ್ತುಹೋಗುತ್ತದೆ. ಇನ್ನೊಂದರಲ್ಲಿ ಹೊದಿಕೆ ಬಿಟ್ಟು ನೇರವಾಗಿ ಆಕ್ಸಾನ್ ಮೇಲೇ, ಅದರಲ್ಲೂ ಗಂಟುಗಳಲ್ಲಿ, ಏಟು ಬೀಳುತ್ತದೆ. ಕ್ಯಾಂಪಿಲೋಬ್ಯಾಕ್ಟರ್ ಜೊತೆ ಹೆಚ್ಚಾಗಿ ಕಾಣುವುದು ಈ ಎರಡನೆಯದು.

ಹಾಗಂತ ಬೇಧಿ ಆದವರೆಲ್ಲ ಹೆದರಬೇಕಾಗಿಲ್ಲ. ಈ ಬ್ಯಾಕ್ಟೀರಿಯಾದ ಸೋಂಕು ತಗುಲಿದ ಸುಮಾರು ಸಾವಿರ ಜನರಲ್ಲಿ ಒಬ್ಬರಿಗೆ ಜಿಬಿಎಸ್ ಬರಬಹುದು ಎಂಬ ಅಂದಾಜಿದೆ. ಒಟ್ಟಾರೆ ನೋಡಿದರೆ ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ. ಜಿಬಿಎಸ್ ಅಂಟುರೋಗವೂ ಅಲ್ಲ. ಬೇಧಿ ಒಬ್ಬರಿಂದ ಒಬ್ಬರಿಗೆ ಹರಡಬಹುದು, ಜಿಬಿಎಸ್ ಹರಡುವುದಿಲ್ಲ. ನಮ್ಮ ರೂಮಿನ ಬಾಗಿಲಿಗೂ ಬರಲು ಹೆದರಿದವರಿಗೆ ಆಗ ಇದನ್ನು ಹೇಳುವಷ್ಟು ನಮಗೂ ತಿಳಿದಿರಲಿಲ್ಲ.

ಆದರೆ ಒಂದೇ ಊರಿನ ನೀರು ಕೆಟ್ಟರೆ ಲೆಕ್ಕ ಬದಲಾಗುತ್ತದೆ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಆದದ್ದು ಇದೇ. ಕೆಲವೇ ವಾರಗಳಲ್ಲಿ ಶಂಕಿತ ಪ್ರಕರಣಗಳು 200 ದಾಟಿದವು. ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಸಿಕ್ಕಿತು, ಅನುಮಾನ ಕುಡಿಯುವ ನೀರಿನ ಮೇಲೆ ಬಿತ್ತು.

ಕಾಲಿಂದಲೇ ಯಾಕೆ ಶುರು?

ಇದು ನಮಗೆ ತುಂಬಾ ಕಾಡಿದ ಪ್ರಶ್ನೆ. ಎಲ್ಲ ರೋಗಿಗಳಲ್ಲೂ ಹೀಗೇ ಅಂತಿಲ್ಲ, ಆದರೆ ಹೆಚ್ಚಿನವರಲ್ಲಿ ಪಾದದಿಂದ ಶುರುವಾಗಿ ಮೇಲೇರುತ್ತದೆ. ಒಂದು ಸರಳ ವಿವರಣೆ ಪ್ರಾಬಬಿಲಿಟಿಯಲ್ಲಿದೆ. ಬರೀ ಉದಾಹರಣೆಗೆ ಒಂದು ಸಂಖ್ಯೆ ಇಟ್ಟುಕೊಳ್ಳೋಣ. ಮಿಲಿಮೀಟರಿಗೆ ಒಂದರಂತೆ ತುಂಡುಗಳು, ಪ್ರತಿ ತುಂಡೂ ಕೆಡುವ ಸಂಭವ 0.001. ಪಾದದ ನರದಲ್ಲಿ 1000 ತುಂಡು, ಒಂದೂ ಕೆಡದೆ ಉಳಿಯುವ ಸಂಭವ 0.999ರ ಸಾವಿರನೇ ಘಾತ, ಅಂದರೆ ಸುಮಾರು 0.37. ದೇಹದ ಮೇಲ್ಭಾಗದಲ್ಲಿ 300 ಮಿಲಿಮೀಟರ್ ಉದ್ದದ ನರಕ್ಕೆ ಅದೇ ಲೆಕ್ಕ ಹಾಕಿದರೆ ಸುಮಾರು 0.74. ಹಾನಿ ಎಲ್ಲ ಕಡೆ ಒಂದೇ ಸಮ ಬಿದ್ದರೂ ಉದ್ದದ ಕೇಬಲ್ ಮೊದಲು ಕೈಕೊಡುತ್ತದೆ. ಹಾನಿ ಹೆಚ್ಚಾದಂತೆ ಗಿಡ್ಡ ಕೇಬಲ್‌ಗಳ ಸರದಿ: ಕೈ, ಎದೆ, ಮುಖ.

ಮಂಡಿ ತಟ್ಟಿದಾಗ ಕಾಲು ಯಾಕೆ ಅಲುಗಾಡಲಿಲ್ಲ ಎಂಬುದಕ್ಕೂ ಕಾರಣವಿದೆ. ಆ ಪ್ರತಿಕ್ರಿಯೆಗೆ ನೂರಾರು ಎಳೆಗಳ ಸಿಗ್ನಲ್ ಒಟ್ಟಿಗೆ ಬೆನ್ನುಹುರಿ ತಲುಪಬೇಕು. ಹೊದಿಕೆ ಒಂದೊಂದು ಎಳೆಯಲ್ಲಿ ಒಂದೊಂದು ಪ್ರಮಾಣದಲ್ಲಿ ಹಾಳಾದರೆ ಕೆಲವು ಬೇಗ, ಕೆಲವು ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಚೂಪಾದ ಪಲ್ಸ್ ಹರಡಿ ಚಪ್ಪಟೆಯಾಗುತ್ತದೆ. ಆಪ್ಟಿಕಲ್ ಫೈಬರ್ ಪಾಠದಲ್ಲಿ ಓದಿದ ಡಿಸ್ಪರ್ಷನ್ ಇದೇ ತಾನೆ? ನರದ ವೇಗ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆಯಲ್ಲಿ ಇದು ಪರದೆಯ ಮೇಲೆ ಕಣ್ಣಿಗೇ ಕಾಣುತ್ತದೆ. ಎರಡು ಜಾಗದಲ್ಲಿ ಚಿಕ್ಕ ಶಾಕ್ ಕೊಟ್ಟು, ನಡುವಿನ ದೂರವನ್ನು ಸಮಯದ ವ್ಯತ್ಯಾಸದಿಂದ ಭಾಗಿಸುತ್ತಾರೆ. ಮೊದಲ ಸೆಮಿಸ್ಟರ್ ಲ್ಯಾಬ್‌ನಷ್ಟೇ ಸರಳ ಲೆಕ್ಕ. ಆದರೆ ಮೊದಲ ಕೆಲವು ದಿನ ಇದು ನಾರ್ಮಲ್ ಬರಲೂಬಹುದು.

ಇನ್ನೊಂದು ಪರೀಕ್ಷೆ ಬೆನ್ನಿನಿಂದ ನೀರು ತೆಗೆಯುವುದು. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರೆಂಚ್ ಸೇನೆಯ ಮೂವರು ವೈದ್ಯರು ಗಿಯಾನ್, ಬಾರೇ ಮತ್ತು ಸ್ಟ್ರೋಲ್ ಇಬ್ಬರು ಸೈನಿಕರ ಬಗ್ಗೆ ಬರೆದರು. ಬೆನ್ನಿನ ದ್ರವದಲ್ಲಿ ಪ್ರೋಟೀನ್ ಜಾಸ್ತಿ, ಆದರೆ ಜೀವಕೋಶಗಳ ಸಂಖ್ಯೆ ನಾರ್ಮಲ್. ಸೋಂಕಿದ್ದರೆ ಕೋಶಗಳೂ ಏರಬೇಕಿತ್ತು. ಈ ಜೋಡಿ ಲಕ್ಷಣ ಇಂದಿಗೂ ಗುರುತು. ಮೇಲೇರುವ ಪಾರ್ಶ್ವವಾಯುವನ್ನು ಲಾಂಡ್ರಿ ಎಂಬ ವೈದ್ಯ 1859ರಲ್ಲೇ ವರ್ಣಿಸಿದ್ದ. 1916ರ ಮೂವರಲ್ಲಿ ಪ್ರತಿಕ್ರಿಯೆಗಳನ್ನು ಯಂತ್ರದಿಂದ ಅಳೆದು ದಾಖಲಿಸಿದವನು ಸ್ಟ್ರೋಲ್. ಕೊನೆಗೆ ಹೆಸರಿನಲ್ಲಿ ಉಳಿಯದೇ ಹೋದವನೂ ಅವನೇ. ಅಳತೆ ಮಾಡಿದವನ ಹೆಸರು ಬಿಟ್ಟುಹೋಗಿದ್ದು ಕೇಳಿ ನಮಗೆ ಸ್ವಲ್ಪ ಬೇಜಾರಾಯಿತು.

ನಿಜವಾದ ಅಪಾಯ ಉಸಿರಿನಲ್ಲಿದೆ

ಕಾಲು ಬಿದ್ದರೆ ವೀಲ್‌ಚೇರ್ ಇದೆ. ವಪೆಯನ್ನು, ಅಂದರೆ ಉಸಿರಾಟದ ಮುಖ್ಯ ಸ್ನಾಯುವನ್ನು, ಆಡಿಸುವ ನರ ಸೋತರೆ ನಿಮಿಷಗಳ ಲೆಕ್ಕ. ಜಿಬಿಎಸ್ ರೋಗಿಗಳಲ್ಲಿ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಹೃದಯ ಬಡಿತ, ಬಿಪಿ ನಿಯಂತ್ರಿಸುವ ನರಗಳಿಗೂ ಏಟು ಬಿದ್ದರೆ ಬಿಪಿ ಇದ್ದಕ್ಕಿದ್ದಂತೆ ಏರಿ ಇಳಿಯುತ್ತದೆ. ಒಳ್ಳೆ ಚಿಕಿತ್ಸೆ ಸಿಕ್ಕಿದರೂ ನೂರರಲ್ಲಿ ಸುಮಾರು ಮೂರರಿಂದ ಏಳು ಜನ ಉಳಿಯುವುದಿಲ್ಲ.

ಇಲ್ಲಿ ನಾವು ಮಾಡಿದ ಒಂದು ದೊಡ್ಡ ತಪ್ಪು ಹೇಳಲೇಬೇಕು. ಬುಧವಾರ ಮಧ್ಯಾಹ್ನ ಪಕ್ಕದ ರೂಮಿನವರ ಪಲ್ಸ್ ಆಕ್ಸಿಮೀಟರ್ ತಂದು ಅವನ ಬೆರಳಿಗೆ ಹಾಕಿದ್ದೆವು. 98 ತೋರಿಸಿತು. "ಏನಿಲ್ಲ ಬಿಡೋ" ಅಂತ ಸಮಾಧಾನ ಪಟ್ಟುಕೊಂಡು ಇನ್ನೂ ಮೂರು ಗಂಟೆ ಕಳೆದೆವು. ಶ್ವಾಸಕೋಶ ಚೆನ್ನಾಗಿದ್ದು ಸ್ನಾಯು ಮಾತ್ರ ಸೋಲುತ್ತಿರುವಾಗ ಆಕ್ಸಿಜನ್ ಅಂಕಿ ಕೊನೆಯವರೆಗೂ ಚೆನ್ನಾಗೇ ಕಾಣುತ್ತದೆ, ಬಿದ್ದಾಗ ಒಮ್ಮೆಲೇ ಬೀಳುತ್ತದೆ. ತಡವಾಗಿ ಹೇಳುವ ಸೆನ್ಸರ್ ಅದು. ಡಾಕ್ಟರ್ ಒಂದೇ ಉಸಿರಲ್ಲಿ ಎಣಿಸಲು ಹೇಳಿದ್ದು ಅದಕ್ಕೇ. ಆರೋಗ್ಯವಂತರು ಸರಾಗವಾಗಿ 30 ದಾಟುತ್ತಾರೆ. 20ರ ಒಳಗೆ ನಿಂತರೆ, ಅಥವಾ ಗಂಟೆ ಗಂಟೆಗೂ ಸಂಖ್ಯೆ ಇಳಿಯುತ್ತಿದ್ದರೆ, ಅಪಾಯದ ಸೂಚನೆ. ಆಸ್ಪತ್ರೆಯಲ್ಲಿ ಇದರ ಜೊತೆಗೆ ಸ್ಪೈರೋಮೀಟರಿನಲ್ಲಿ ಊದಿಸಿ ಅಳೆಯುತ್ತಾರೆ. ಹಾಸ್ಟೆಲ್‌ನಲ್ಲಿ ಎಣಿಕೆ ಚೆನ್ನಾಗಿ ಬಂತು ಅಂತ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ, ಆ ತಪ್ಪು ನಾವು ಆಕ್ಸಿಮೀಟರ್ ಜೊತೆ ಮಾಡಿ ಆಗಿದೆ.

ಚಿಕಿತ್ಸೆ ಏನು?

ಎರಡು ದಾರಿಗಳಿವೆ. ಒಂದು ಪ್ಲಾಸ್ಮಾ ಬದಲಾವಣೆ. ರಕ್ತವನ್ನು ಯಂತ್ರದ ಮೂಲಕ ಹರಿಸಿ, ಪ್ರತಿಕಾಯಗಳಿರುವ ಪ್ಲಾಸ್ಮಾ ಬೇರ್ಪಡಿಸಿ ತೆಗೆದು, ಬದಲಿ ದ್ರವದ ಜೊತೆ ರಕ್ತಕಣಗಳನ್ನು ವಾಪಸ್ ಕೊಡುತ್ತಾರೆ. ಒಂದೆರಡು ವಾರದಲ್ಲಿ ಸಾಮಾನ್ಯವಾಗಿ ಐದು ಸಲ. ಇನ್ನೊಂದು ಐವಿಐಜಿ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ಪಡೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಡುವುದು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.4 ಗ್ರಾಂ, ಐದು ದಿನ. 60 ಕಿಲೋ ಇರುವವರಿಗೆ ದಿನಕ್ಕೆ 24 ಗ್ರಾಂ, ಒಟ್ಟು 120 ಗ್ರಾಂ. ಖರ್ಚು ಲಕ್ಷಗಳಲ್ಲಿ ಹೋಗುತ್ತದೆ. ಅವನ ಅಪ್ಪ ಊರಿಂದ ಬಂದು ಬಿಲ್ಲಿಂಗ್ ಕೌಂಟರಿನ ಮುಂದೆ ಸುಮ್ಮನೆ ನಿಂತಿದ್ದು ನಮಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಾಲೇಜಿನ ವಿಮೆ ಇದೆಯೇ, ಎಷ್ಟಕ್ಕಿದೆ ಎಂಬುದನ್ನು ಆರೋಗ್ಯ ಚೆನ್ನಾಗಿರುವಾಗಲೇ ಕೇಳಿ ತಿಳಿದುಕೊಳ್ಳಿ.

ಎರಡೂ ಚಿಕಿತ್ಸೆಯ ಫಲ ಹೆಚ್ಚುಕಡಿಮೆ ಒಂದೇ. ಒಂದಾದ ಮೇಲೆ ಇನ್ನೊಂದನ್ನೂ ಕೊಟ್ಟರೆ ಹೆಚ್ಚಿನ ಲಾಭ ಕಂಡಿಲ್ಲ. ಎಷ್ಟೋ ಆಟೋಇಮ್ಯೂನ್ ಕಾಯಿಲೆಗಳಿಗೆ ಕೆಲಸ ಮಾಡುವ ಸ್ಟೀರಾಯ್ಡ್ ಇಲ್ಲಿ ಕೆಲಸ ಮಾಡುವುದಿಲ್ಲ. ಮುಖ್ಯ ಮಾತು ಏನಪ್ಪಾ ಅಂದ್ರೆ, ಇವೆರಡೂ ಆದ ಹಾನಿಯನ್ನು ರಿಪೇರಿ ಮಾಡುವುದಿಲ್ಲ, ಮುಂದೆ ಆಗುವುದನ್ನು ತಡೆಯಲು ನೋಡುತ್ತವೆ. ಅದಕ್ಕೇ ಲಕ್ಷಣ ಶುರುವಾದ ಎರಡು ವಾರದೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ನಾವು ನಗುತ್ತಾ ಕಳೆದ ಎರಡು ದಿನ ಲೆಕ್ಕಕ್ಕೆ ಬರುವುದು ಇಲ್ಲೇ.

ರಿಪೇರಿ ದೇಹವೇ ಮಾಡಿಕೊಳ್ಳುತ್ತದೆ. ದೌರ್ಬಲ್ಯ ಹೆಚ್ಚೆಂದರೆ ನಾಲ್ಕು ವಾರದವರೆಗೆ ಏರಿ, ಅಲ್ಲಿ ಸ್ವಲ್ಪ ದಿನ ನಿಂತು, ಆಮೇಲೆ ಇಳಿಯುತ್ತದೆ. ಹೊದಿಕೆ ಮಾತ್ರ ಹೋಗಿದ್ದರೆ ಶ್ವಾನ್ ಕೋಶಗಳು ವಾರಗಳಲ್ಲಿ, ತಿಂಗಳುಗಳಲ್ಲಿ ಮತ್ತೆ ಸುತ್ತುತ್ತವೆ. ಆಕ್ಸಾನೇ ತುಂಡಾಗಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯಬೇಕು. ಒಂದು ಮೀಟರಿಗೆ ಸಾವಿರ ದಿನ. ಅದೃಷ್ಟಕ್ಕೆ ಎಲ್ಲರಿಗೂ ಅಷ್ಟು ದೂರ ಬೆಳೆಯಬೇಕಾಗಿ ಬರುವುದಿಲ್ಲ. ಆರು ತಿಂಗಳ ಹೊತ್ತಿಗೆ ಸುಮಾರು 80 ಪ್ರತಿಶತ ಜನ ಯಾರ ಆಸರೆಯಿಲ್ಲದೆ ನಡೆಯುತ್ತಾರೆ. ಆದರೆ ಸುಸ್ತು, ಉರಿ, ನೋವು ಬಹಳ ಕಾಲ ಉಳಿಯಬಹುದು. ಫಿಸಿಯೋಥೆರಪಿ ಬಿಡುವಂತಿಲ್ಲ.

ಹಾಸ್ಟೆಲ್‌ನಲ್ಲಿ ನೆನಪಿಡಬೇಕಾದ್ದು

ಜಿಮ್ ನೋವಿಗೂ ಇದಕ್ಕೂ ವ್ಯತ್ಯಾಸ ಇದೆ. ಜಿಮ್ ಮಾಡಿದ್ದಕ್ಕೆ ಸ್ನಾಯು ನೋಯುತ್ತದೆ, ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತಾ ಬರುತ್ತದೆ. ಜಿಬಿಎಸ್‌ನಲ್ಲಿ ಶಕ್ತಿಯೇ ಹೋಗುತ್ತದೆ, ಎರಡೂ ಕಡೆ ಹೋಗುತ್ತದೆ, ದಿನದಿಂದ ದಿನಕ್ಕೆ ಹೆಚ್ಚಾಗುತ್ತದೆ. ಬೆನ್ನು ನೋವು ಜೊತೆಗಿರಬಹುದು. ಮೆಟ್ಟಿಲು ಹತ್ತಲು ಆಗದಿರುವುದು, ಕೂತಲ್ಲಿಂದ ಏಳಲು ಆಗದಿರುವುದು, ಚಪ್ಪಲಿ ಜಾರುವುದು, ನುಂಗಲು ಕಷ್ಟ, ಮಾತು ತೊದಲುವುದು, ಮುಖ ಸೊಟ್ಟಗಾಗುವುದು: ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಅನ್ನಬೇಡಿ. ಐಸಿಯು ಮತ್ತು ನರರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಅವತ್ತೇ ಹೋಗಿ. ಕೆಲವು ವಾರದ ಹಿಂದೆ ಬೇಧಿ, ಜ್ವರ ಬಂದಿದ್ದರೆ ಡಾಕ್ಟರಿಗೆ ನೀವಾಗೇ ಹೇಳಿ. ನುಂಗಲು ಕಷ್ಟ ಇರುವವರ ಬಾಯಿಗೆ ಬಲವಂತವಾಗಿ ಗ್ಲೂಕೋಸ್ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ತಡೆಯುವುದಕ್ಕೆ ದೊಡ್ಡ ಗುಟ್ಟೇನಿಲ್ಲ. ಕುದಿಸಿದ ಅಥವಾ ಶುದ್ಧ ಮಾಡಿದ ನೀರು, ಪೂರ್ತಿ ಬೆಂದ ಚಿಕನ್, ಕಾಯಿಸಿದ ಹಾಲು, ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆದ ಕೈ. ಹಾಸ್ಟೆಲ್ ವಾಟರ್ ಫಿಲ್ಟರಿನ ಸರ್ವಿಸ್ ತಾರೀಕು ನೋಡಿ, ದಾಟಿದ್ದರೆ ಕೇಳಿ. ಈ ಲೇಖನ ಡಾಕ್ಟರಿಗೆ ಬದಲಿಯಲ್ಲ, ಡಾಕ್ಟರ ಹತ್ತಿರ ಬೇಗ ಹೋಗಲಿ ಅಂತ ಬರೆದದ್ದು.

ನಮ್ಮ ಗೆಳೆಯ ಒಂಬತ್ತು ದಿನ ವೆಂಟಿಲೇಟರ್‌ನಲ್ಲಿದ್ದ. ಒಂದು ಸೆಮಿಸ್ಟರ್ ಹೋಯಿತು. ಈಗ ವಾಪಸ್ ಬಂದಿದ್ದಾನೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಕೊಂಡು ನಿಧಾನವಾಗಿ ಮೂರನೇ ಮಹಡಿ ಹತ್ತುತ್ತಾನೆ. ನಾವು ಅವನ ಬ್ಯಾಗ್ ಹಿಡಿಯಲು ಹೋದರೆ ಬೈಯುತ್ತಾನೆ. ರೂಮಿನಲ್ಲಿ ಈಗ ಯಾರಾದರೂ "ಕಾಲು ಯಾಕೋ ಒಂಥರಾ ಆಗ್ತಿದೆ" ಅಂದರೆ ನಗುವವರಿಲ್ಲ. ಅವನೇ ಮೊದಲು ಕೇಳುತ್ತಾನೆ: "ನಿನ್ನೆಗಿಂತ ಜಾಸ್ತಿನಾ?"